ಹುಟ್ಟಿಗೆ ಕಟ್ಟಿದ ಕೆಂಪು ಟವೆಲು

ಜಾಗ್ರೆಬ್, ಡಿಸೆಂಬರ್ 4

ಅಪ್ಪಾ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಐದು ವರ್ಷ ಒಂದು ಸಾಲೂ ಬರೆಯದವಳು ಏಕಾಏಕಿ ಪುಟ ತುಂಬಿಸಿದರೆ, ಇವಳಿಗೆ ಏನೋ ಬೇಕಾಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬೇಕಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಕಾಗದ. ಭಾಷೆ ತಪ್ಪಿದ್ದರೆ ನಗಬೇಡ. ಇಂಗ್ಲೆಂಡಿನ ಹಾಸ್ಟೆಲಿನಲ್ಲಿ ಹತ್ತು ವರ್ಷ ನಮ್ಮ ಮಾತು ಆಡಲು ನನಗೆ ಯಾರೂ ಸಿಕ್ಕಲಿಲ್ಲ.

ಅಕ್ಟೋಬರಿನಿಂದ ಇಲ್ಲಿ ಔಷಧ ವಿಜ್ಞಾನ ಓದುತ್ತಿದ್ದೇನೆ, ಮೊದಲ ವರ್ಷ. ಅಮ್ಮ ಹೇಳಿರಬಹುದು, ಹೇಳದೆಯೂ ಇರಬಹುದು. ತರಗತಿಯಲ್ಲಿ ಪ್ರಾಧ್ಯಾಪಕರು ನನ್ನ ಕಡೆ ತಿರುಗಿದರೆ ಸಾಕು, ಗೊತ್ತಿದ್ದದ್ದೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ, ಅಮ್ಮನ ಊರಿನಲ್ಲಿ, ನಾನು ‘ಆ ಕ್ರೊಯೇಷಿಯಾದ ಹುಡುಗಿ’, ಇಲ್ಲಿ ಕ್ರೊಯೇಷಿಯಾದಲ್ಲಿ ‘ಆ ಇಂಗ್ಲಿಷಿನವಳು’. ಎರಡು ಕಡೆಯೂ ಅರ್ಧ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಸೆಪ್ಟೆಂಬರಿನಲ್ಲಿ ನಮ್ಮ ದ್ವೀಪದ ಎದುರು ದಡದ ಊರಿನಲ್ಲಿ ಉದ್ದ ದೂರದ ಟ್ರಯಥ್ಲಾನ್ ಇದೆ. ಸಮುದ್ರದಲ್ಲಿ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ ಈಜು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ನೂರೆಂಬತ್ತು ಕಿಲೋಮೀಟರ್, ಇಳಿದ ಮೇಲೆ ಒಂದು ಪೂರ್ತಿ ಮ್ಯಾರಥಾನ್. ಎಲ್ಲವೂ ಒಂದೇ ದಿನ. ನಾನು ಹೆಸರು ಕೊಟ್ಟಿದ್ದೇನೆ. ಕ್ಲಬ್ಬಿನ ಕೋಚ್ ಕ್ರೆಶೋ, “ನಿನಗೆ ಮೊದಲ ವರ್ಷಕ್ಕೆ ಅರ್ಧ ದೂರದ್ದು ಸಾಕಮ್ಮ” ಅಂದರು. “ಅರ್ಧ ನನ್ನ ಹತ್ತಿರ ಬೇಕಾದಷ್ಟಿದೆ ಸಾರ್” ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಓಟ ಬರುತ್ತದೆ, ಸೈಕಲ್ಲೂ ಬರುತ್ತದೆ. ಈಜುಕೊಳದಲ್ಲಿ ಈಜೂ ಬರುತ್ತದೆ. ತಳ ಕಾಣದ ನೀರಿಗೆ ಇಳಿದರೆ ಮಾತ್ರ ಎದೆ ಕಟ್ಟಿಹೋಗುತ್ತದೆ. ಅಕ್ಟೋಬರಿನಲ್ಲಿ ಇಲ್ಲಿನ ಯಾರುನ್ ಕೆರೆಗೆ ಇಳಿದಾಗ ನನ್ನನ್ನು ದೋಣಿಯಲ್ಲಿ ಎತ್ತಿ ತಂದರು. ಸ್ಪಂಜು ತೆಗೆಯಲು ಮೂವತ್ತು ವರ್ಷ ಸಮುದ್ರದ ತಳಕ್ಕೆ ಇಳಿದವನ ಮಗಳು! ಕ್ರೆಶೋ ಹೇಳಿದ ತಂತ್ರಗಳೆಲ್ಲ ಮುಗಿದವು. ಆ ಭಯ ನೀನು ಹೇಗೆ ದಾಟುತ್ತಿದ್ದೆ? ಅಷ್ಟನ್ನು ಹೇಳಿಕೊಡು.

ಇನ್ನೊಂದು ಮಾತು, ಬರೆಯಬಾರದು ಅಂದುಕೊಂಡೇ ಬರೆಯುತ್ತಿದ್ದೇನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಕೊನೆಯ ಸಲ ದ್ವೀಪಕ್ಕೆ ಬಂದಾಗ ಹಡಗುಕಟ್ಟೆಗೆ ನೀನು ಬರಲಿಲ್ಲ, ವಿಂಕಾ ಅತ್ತೆಯನ್ನು ಕಳಿಸಿದೆ. ಯಾಕೆ ಎಂದು ಈಗ ಕೇಳುತ್ತಿಲ್ಲ.

ಪೆರೀನಾ

*

ದ್ವೀಪ, ಡಿಸೆಂಬರ್ 21

ಪೆರೀನಾ,

ಕಾಗದ ಬಂತು. ವಿಂಕಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು, ಯಾರಿಗೆ ಕೇಳಿಸಲಿ ಎಂದೋ ಗೊತ್ತಿಲ್ಲ. ಆಮೇಲೆ ಕಿತ್ತುಕೊಂಡು ನಾನೇ ಓದಿದೆ.

ಭಯ ದಾಟುತ್ತಿದ್ದೆ ಎಂದು ನಿನಗೆ ಯಾರು ಹೇಳಿದರು? ಪ್ರತಿ ಬೆಳಿಗ್ಗೆಯೂ ಇರುತ್ತಿತ್ತು. ಮೈ ನಡುಗಿದರೆ ದೋಣಿಯ ಅಂಚು ಹಿಡಿದು, ಮುಖವನ್ನು ನೀರಿಗಿಟ್ಟು, ಉಸಿರು ಪೂರ್ತಿ ಹೊರಗೆ ಬಿಡುತ್ತಿದ್ದೆವು. ಉಸಿರು ತಗೊಳ್ಳುವುದನ್ನು ಯಾರೂ ಮರೆಯುವುದಿಲ್ಲ. ಬಿಡುವುದನ್ನು ಮರೆಯುತ್ತಾರೆ. ಒಳಗೆ ಹಳೆಯದು ತುಂಬಿಕೊಂಡಿದ್ದರೆ ಹೊಸದಕ್ಕೆ ಜಾಗ ಎಲ್ಲಿ?

ಬೇಸಿನ್ನಿನಲ್ಲಿ ತಣ್ಣೀರು ತುಂಬು. ಬೆಳಿಗ್ಗೆ ಸಂಜೆ ಮುಖ ಮುಳುಗಿಸಿ ಹಾಡು ಗುನುಗು. ಗುನುಗುವಾಗ ಉಸಿರು ಕಟ್ಟಲು ಆಗುವುದಿಲ್ಲ, ಮಾಡಿ ನೋಡು. ಯಾವ ಹಾಡಾದರೂ ಸರಿ. ನೀರಿನಲ್ಲಿ ಗುನುಗಿದರೆ ನನಗೂ ಕೇಳಿಸುತ್ತದೆ, ದವಡೆಯಲ್ಲಿ.

ಅದು ಬಂದ ಮೇಲೆ ಬರೆ.

ಯೆರೋಲಿಮ್

*

ಜಾಗ್ರೆಬ್, ಫೆಬ್ರವರಿ 8

ಅಪ್ಪಾ,

ಗುನುಗುತ್ತಿದ್ದೇನೆ. ಅತ್ತೆ ಸೊಪ್ಪು ಬಿಡಿಸುವಾಗ ಮೂಗಿನಲ್ಲೇ ಹೇಳಿಕೊಳ್ಳುವ ಆ ಹಾಡನ್ನೇ. ಅದರ ಮಾತು ನನಗೆ ಯಾವತ್ತೂ ಗೊತ್ತಿರಲಿಲ್ಲ, ನೀರಿನಲ್ಲಿ ಮಾತು ಬೇಕಾಗಿಯೂ ಇಲ್ಲ.

ನನ್ನ ಕೋಣೆಯಲ್ಲಿ ಬ್ರಾಂಕಾ ಎನ್ನುವ ಹುಡುಗಿ ಇದ್ದಾಳೆ, ಬಯಲು ಸೀಮೆಯವಳು. ಮೊದಲ ದಿನ ಬೇಸಿನ್ನಿನಿಂದ ಗುಳುಗುಳು ಶಬ್ದ ಕೇಳಿ ಓಡಿಬಂದಳು.

“ಏನೇ, ಮೀನಾಗ್ತಾ ಇದೀಯಾ?”

“ಅಪ್ಪ ಹೇಳಿಕೊಟ್ಟಿದ್ದು.”

“ಆಗು, ಆಗು. ತಲೆ ಒರೆಸ್ಕೊಂಡು ಆಗು. ಒದ್ದೆ ತಲೇಲಿ ಕಿಟಕಿ ತೆಗೆದಿಟ್ಟಿದೀಯಲ್ಲ, ನಿನ್ನ ಹೆಣ ಹೊರೋಕೆ ನನಗೆ ಪುರುಸೊತ್ತಿಲ್ಲ. ನಾಳೆ ರಸಾಯನಶಾಸ್ತ್ರದ ಪರೀಕ್ಷೆ.”

ಕಿಟಕಿ ನಾನು ತೆಗೆಯುತ್ತೇನೆ, ಅವಳು ಮುಚ್ಚುತ್ತಾಳೆ. ಅಮ್ಮನ ಮನೆಯಲ್ಲಿ ಹಿಮ ಬೀಳುವಾಗಲೂ ಕಿಟಕಿ ತೆರೆದೇ ಇರುತ್ತಿತ್ತು. ಇಲ್ಲಿ ಕಿಟಕಿ ಬಾಗಿಲ ನಡುವೆ ಹರಿಯುವ ಗಾಳಿಗೆ ಎಲ್ಲರೂ ಕಳ್ಳನಿಗೆ ಹೆದರುವ ಹಾಗೆ ಹೆದರುತ್ತಾರೆ.

ಗುನುಗಲು ಶುರುಮಾಡಿದ ಮೂರನೆಯ ವಾರ ಒಂದು ವಿಷಯ ಹೊಳೆಯಿತು. ಉಸಿರು ಕಟ್ಟುವ ಅಭ್ಯಾಸ ನನಗೆ ನೀರಿನಿಂದ ಬಂದದ್ದಲ್ಲ. ಹಾಸ್ಟೆಲಿನಲ್ಲಿ ದೀಪ ಆರಿಸಿದ ಮೇಲೆ ಅಳು ಬಂದರೆ ಪಕ್ಕದ ಮಂಚದವರಿಗೆ ಕೇಳಿಸಬಾರದಲ್ಲ, ರಗ್ಗಿನೊಳಗೆ ಉಸಿರು ಬಿಗಿಹಿಡಿದು ಮಲಗುತ್ತಿದ್ದೆ. ಅದರಲ್ಲಿ ನಾನು ಬಹಳ ಚೆನ್ನಾಗಿ ಪಳಗಿದ್ದೆ. ಇದನ್ನು ಓದಿ ನೀನು ಏನೂ ಬರೆಯಬೇಡ. ಹೇಳಬೇಕು ಅನ್ನಿಸಿತು, ಅಷ್ಟೆ.

ತಯಾರಿ ನಡೆದಿದೆ. ಬೆಳಿಗ್ಗೆ ಈಜುಕೊಳ. ಸಂಜೆ ಸಾವಾ ನದಿಯ ಏರಿಯ ಮೇಲೆ ಓಟ, ಮಂಜು ಎಷ್ಟೆಂದರೆ ನನ್ನ ಕಾಲೇ ನನಗೆ ಕಾಣುವುದಿಲ್ಲ. ಶನಿವಾರ ಗ್ಯಾರೇಜಿನಲ್ಲಿ ಗೋಡೆ ನೋಡುತ್ತ ನಿಂತಲ್ಲೇ ಸೈಕಲ್ ತುಳಿಯುವುದು. ಕ್ರೆಶೋ ಸಂಗೀತ ಕೇಳಲು ಬಿಡುವುದಿಲ್ಲ. “ಕಾಲು ತಾನಾಗಿ ಕಲಿಯುತ್ತೆ. ನೀನು ಬೇಸರ ಹೊರೋದು ಕಲಿ,” ಅನ್ನುತ್ತಾರೆ. ಸೈಕಲ್ ಇಳಿದ ಕೂಡಲೇ ಓಡಿಸುತ್ತಾರೆ. ಕಾಲು ಬೇರೆ ಯಾರದ್ದೋ, ಕಟ್ಟಿಗೆಯದ್ದು, ಎನ್ನಿಸುತ್ತದೆ. ಆದರೂ ಓಡುತ್ತೇನೆ. ತರಗತಿಯಲ್ಲಿ ಬಾಯಿ ತೆರೆಯದವಳು ಗ್ಯಾರೇಜಿನಲ್ಲಿ ‘ಇನ್ನೊಂದು ಸುತ್ತು’ ಎಂದು ಕೂಗುತ್ತೇನೆ ಎಂದರೆ ನೀನು ನಂಬುತ್ತೀಯಾ?

ಮುಂದಿನ ಪಾಠ ಕಳಿಸು.

ಪೆರೀನಾ

*

ದ್ವೀಪ, ಮಾರ್ಚ್ 15

ಪೆರೀನಾ,

ಏನೂ ಬರೆಯಬೇಡ ಎಂದಿದ್ದೀಯ. ಬರೆಯುವುದಿಲ್ಲ. ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದು ಅದಕ್ಕೇ.

ಎರಡನೆಯ ಪಾಠ. ತಲೆ ಎತ್ತಿ ನೋಡಿದರೆ ಸುತ್ತ ನೀರೇ ಕಾಣುವಾಗ ಎದೆ ಕಟ್ಟುತ್ತದೆ ಅಲ್ಲವೇ? ನೀನು ನೀರನ್ನು ನೋಡುತ್ತೀಯ, ಅದಕ್ಕೆ. ನೀರಿನ ಮೇಲೆ ತೇಲಿಬಿಟ್ಟ ಗುರುತನ್ನು ನಂಬಬೇಡ, ಸಣ್ಣ ಅಲೆ ಬಂದರೂ ಅದು ಮುಳುಗಿಹೋಗುತ್ತದೆ. ದಡದ ಮೇಲೆ ಎರಡು ಗುರುತು ಹಿಡಿ. ಒಂದು ಹತ್ತಿರದ್ದು, ಒಂದು ದೂರದ್ದು. ಎರಡೂ ಒಂದರ ಹಿಂದೊಂದು ಬಂದರೆ ನೀನು ದಾರಿಯಲ್ಲಿದ್ದೀಯ. ಹತ್ತಿರದ್ದು ಯಾವ ಕಡೆಗೆ ಜಾರಿತೋ ಆ ಕಡೆಗೇ ತಿರುಗು, ಮತ್ತೆ ಕೂಡುತ್ತವೆ.

ಒಂದೇ ಗುರುತು ಸಾಲದು. ಒಂದೇ ಆದರೆ ಅದು ಎದುರಿಗೆ ಕಾಣುತ್ತಲೇ ಇರುತ್ತದೆ, ನೀನು ಪಕ್ಕಕ್ಕೆ ಕೊಚ್ಚಿಕೊಂಡು ಹೋಗುತ್ತಿರುತ್ತೀಯ, ಗೊತ್ತೇ ಆಗುವುದಿಲ್ಲ. ಸ್ಪಂಜಿನ ಬಂಡೆಗಳನ್ನು ನಾವು ಹೀಗೇ ನೆನಪಿಡುತ್ತಿದ್ದೆವು. ನನ್ನ ಅಪ್ಪ ನನಗೆ ಕೊಟ್ಟ ಆಸ್ತಿ ಎಂದರೆ ಅಂಥ ಗುರುತುಗಳು.

ಕೆರೆಯ ಹತ್ತಿರ ಎರಡು ಮರವೋ ಕಂಬವೋ ಇರಬೇಕು. ನೋಡಿಕೋ.

ವಿಂಕಾ ಉಣ್ಣೆಯ ಟೊಪ್ಪಿ ಹೆಣೆಯುತ್ತಿದ್ದಾಳೆ. ಬೇಡ ಎಂದೆ. ಅವಳಿಗೆ ಕಿವಿ ಇದ್ದೂ ಕೇಳಿಸುವುದಿಲ್ಲ.

ಅಪ್ಪ

*

ಜಾಗ್ರೆಬ್, ಮೇ 26

ಅಪ್ಪಾ,

ಕೆರೆ ದಾಟಿದೆ! ಈ ದಡದಿಂದ ಆ ದಡಕ್ಕೆ, ಅಲ್ಲಿಂದ ಮತ್ತೆ ಇಲ್ಲಿಗೆ. ಹತ್ತಿರದ್ದು ದೋಣಿಮನೆಯ ಧ್ವಜ, ದೂರದ್ದು ಒಂದು ಎತ್ತರದ ಪೋಪ್ಲರ್ ಮರ. ಮಧ್ಯದಲ್ಲಿ ಒಮ್ಮೆ ಎದೆ ಕಟ್ಟಿತು. ಮುಖ ಇಳಿಸಿ, ಉಸಿರು ಬಿಟ್ಟು, ಅತ್ತೆಯ ಹಾಡಿನ ಒಂದು ಸಾಲು ಗುನುಗಿ, ತಲೆ ಎತ್ತಿದೆ. ಧ್ವಜ ಮರದ ಎಡಕ್ಕೆ ಜಾರಿತ್ತು. ಎಡಕ್ಕೆ ತಿರುಗಿದೆ. ಹೆದರಿದವರಿಗೆ ಮಾಡಲು ಒಂದು ಕೆಲಸ ಕೊಟ್ಟರೆ ಅರ್ಧ ಹೆದರಿಕೆ ಹೋಗುತ್ತದೆ, ಅದು ನಿನಗೆ ಗೊತ್ತಿತ್ತು.

ಜೂನ್ 14ಕ್ಕೆ ನಿಮ್ಮ ಎದುರು ದಡದ ಅದೇ ಊರಿನಲ್ಲಿ, ಅದೇ ನೀರಿನಲ್ಲಿ ಅರ್ಧ ದೂರದ ಸ್ಪರ್ಧೆ ಇದೆ. ಕ್ರೆಶೋ ಒಂದು ಷರತ್ತು ಹಾಕಿದ್ದಾರೆ: “ಸಮುದ್ರದಲ್ಲಿ ಆ ಈಜು ಮುಗಿಸಿ ತೋರಿಸು. ಇಲ್ಲಾಂದ್ರೆ ಸೆಪ್ಟೆಂಬರ್ ಮಾತು ಎತ್ತಬೇಡ.”

ನಿನ್ನ ದ್ವೀಪದಿಂದ ಅಲ್ಲಿಗೆ ಹಡಗಿನಲ್ಲಿ ಎಷ್ಟು ಹೊತ್ತು? ಅರ್ಧ ಗಂಟೆಯೂ ಆಗಲಾರದು. ಬಾ ಎಂದು ಹೇಳುತ್ತಿಲ್ಲ. ದಿನ ಗೊತ್ತಿರಲಿ ಎಂದು ಬರೆದೆ.

ಪೆರೀನಾ

*

ಜಾಗ್ರೆಬ್, ಜೂನ್ 16

ಅಪ್ಪಾ,

ಅತ್ತೆ ಬಂದು ನಿನಗೆ ಹೇಳಿರುತ್ತಾಳೆ. ಅವಳ ಬಾಯಲ್ಲಿ ಅದು ಹೇಗಿತ್ತೋ ತಿಳಿಯದು, ನನ್ನದನ್ನೂ ಓದು.

ಸಮುದ್ರದಲ್ಲಿ ಈಜಿದೆ. ಅಪ್ಪಾ, ಪೂರ್ತಿ ಈಜಿದೆ. ದಡಕ್ಕೆ ಬಂದಾಗ ನಗು ತಡೆಯಲಾಗದೆ ಉಪ್ಪು ನೀರು ಕುಡಿದೆ. ರಬ್ಬರ್ ಉಡುಪನ್ನು ಸೊಂಟದವರೆಗೆ ಇಳಿಸಿಕೊಳ್ಳುತ್ತ ಸೈಕಲ್ ಇಟ್ಟ ಕಡೆ ಓಡಿದೆ. ಬೆಟ್ಟದ ಕಡೆಯಿಂದ ಸಣ್ಣಗೆ ತಣ್ಣನೆಯ ಬುರಾ ಗಾಳಿ ಇಳಿಯುತ್ತಿತ್ತು. ಅಷ್ಟರಲ್ಲಿ ಹಗ್ಗದ ಕೆಳಗೆ ನುಸುಳಿ ಒಬ್ಬಳು ಬಂದಳು, ಕೈಯಲ್ಲಿ ದೊಡ್ಡ ಕೆಂಪು ಟವೆಲು.

“ಅತ್ತೆ, ಬೇಡ! ಮುಟ್ಟಬಾರದು, ನಿಯಮ ಇದೆ!”

“ನಿಯಮಕ್ಕೆ ಬೆಂಕಿ ಹಾಕ. ಬಗ್ಗಿಸೇ ತಲೆ!”

ಮುಖದ ಮೇಲೆ ಟವೆಲು ಬಿತ್ತು. ಕಿವಿ ಕಿತ್ತುಬರುವ ಹಾಗೆ ಉಜ್ಜಿದಳು. ತೀರ್ಪುಗಾರ ಓಡಿಬಂದ. “ಅಮ್ಮಾ, ಹೊರಗಿನವರು ಸಹಾಯ ಮಾಡಬಾರದು. ಇದು ಒಂದನೇ ಎಚ್ಚರಿಕೆ,” ಅಂದ. ಅಷ್ಟರಲ್ಲಿ ಅತ್ತೆ ಬಗಲಿನ ಚೀಲದಿಂದ ಒಣಗಿದ ಒಳಂಗಿ ತೆಗೆದು ನನ್ನ ಕೊರಳಿಗೆ ಹಾಕಿಯಾಗಿತ್ತು.

“ಹೊರಗಿನವಳಾ? ನಾನು ಇವಳ ಸೋದರತ್ತೆ ಕಣೋ! ಮಕ್ಕಳನ್ನ ಒದ್ದೆ ತಲೇಲಿ ಬುರಾ ಗಾಳಿಗೆ ಬಿಡ್ತೀಯಲ್ಲ, ನಿನ್ನ ತಾಯಿಗೆ ಗೊತ್ತೇನೋ ಇದು?”

ಅವನ ಮುಖ ಕೆಂಪಾಯಿತು. ಜೂನ್ ತಿಂಗಳಲ್ಲೂ ಅವನ ಕೊರಳಿಗೆ ಶಾಲು ಸುತ್ತಿತ್ತು. ಆದರೂ ಕೆಂಪು ಚೀಟಿ ತೆಗೆದ. ಸ್ಪರ್ಧೆಯಿಂದ ನಾನು ಹೊರಗೆ. ಜನ ನಕ್ಕರು. ತಲೆಗೂದಲು ನೆಟ್ಟಗೆ ನಿಂತು, ಒಳಂಗಿ ಹಿಂದುಮುಂದಾಗಿ, ಎಲ್ಲರೂ ಸೈಕಲ್ ಹತ್ತಿ ಹೋಗುವುದನ್ನು ನೋಡುತ್ತ ನಿಂತೆ.

ಕ್ರೆಶೋ ಕೋಪಿಸಿಕೊಳ್ಳಲಿಲ್ಲ. “ಈಜಿದೆಯಲ್ಲ, ನನಗೆ ಅಷ್ಟು ಸಾಕು,” ಅಂದರು. ನನಗೆ ಸಾಲದು. ಹತ್ತು ವರ್ಷ ನನ್ನ ತಲೆ ಒದ್ದೆಯೋ ಒಣವೋ ಎಂದು ಯಾರೂ ಕೇಳಲಿಲ್ಲ. ಈಗ, ಕೇಳಬಾರದಾಗಿದ್ದ ಒಂದೇ ಒಂದು ದಿನ, ಬಂದು ಒರೆಸಿದರು.

ಬಂದದ್ದೂ ಅವಳೇ, ನೀನಲ್ಲ.

ಸ್ಪರ್ಧೆ ಬಿಡುವುದಿಲ್ಲ. ಆದರೆ ಆ ಊರಿಗೆ ಬರುವುದಿಲ್ಲ. ಇಟಲಿಯಲ್ಲಿ ಅದೇ ತಿಂಗಳು ಇನ್ನೊಂದಿದೆ, ಅಲ್ಲಿ ನನಗೆ ಯಾರೂ ಸೋದರತ್ತೆಯರಿಲ್ಲ. ಜುಲೈ ಮುಗಿಯುವುದರೊಳಗೆ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಪೆರೀನಾ

*

ದ್ವೀಪ, ಜುಲೈ 3

ಪೆರೀನಾ ಪುಟ್ಟಿ,

ನಾನು ಕಾಗದ ಬರೆಯೋಳಲ್ಲ, ಬರೆದ್ರೆ ಮಾತಾಡ್ದಂಗೇ ಬರೀತೀನಿ, ಸಹಿಸ್ಕೋ. ತಪ್ಪಾಯ್ತು ಅಂತ ಬರಿ ಅಂತಾನೆ ನಿಮ್ಮಪ್ಪ. ಬರೆಯಲ್ಲ. ಆಟದ ನಿಯಮ ನನಗೆ ಗೊತ್ತಿರಲಿಲ್ಲ, ಅದು ನಿಜ. ಗೊತ್ತಿದ್ರೂ ಒರೆಸ್ತಿದ್ದೆನೋ ಏನೋ, ಅದೂ ನಿಜ.

ನಿಮ್ಮಪ್ಪನ ಕಿವಿ ಹೇಗೆ ಹೋಯ್ತು ಅಂತ ನಿನಗೆ ಯಾರಾದ್ರೂ ಹೇಳಿದಾರಾ? ಡಾಕ್ಟರು ನೀರಿನ ಒತ್ತಡ ಅಂತಾರೆ. ಅವರು ಅಲ್ಲಿದ್ರಾ? ನಾನಿದ್ದೆ. ಫೆಬ್ರವರಿ ತಿಂಗಳು, ಸಮುದ್ರದಿಂದ ಮೇಲೆ ಬಂದು ಒದ್ದೆ ತಲೇಲಿ ದೋಣಿ ಮೇಲೆ ನಿಂತ, ಬುರಾ ಬೀಸ್ತಾ ಇತ್ತು. ನನ್ನ ಹೆಗಲ ಮೇಲೆ ಟವೆಲು ಇತ್ತು ಪುಟ್ಟಿ. ಬೇರೆ ಹೆಂಗಸರ ಜೊತೆ ಮಾತಾಡ್ತಾ ನಿಂತಿದ್ದೆ. ಆ ವಾರವೇ ಒಂದು ಕಿವಿ ಹೋಯ್ತು, ಆಮೇಲೆ ಇನ್ನೊಂದು. ಹಾಗಲ್ಲ ಅಂತ ನೀನು ಓದಿದೋಳು ಹೇಳ್ತೀಯ. ಹೇಳು. ನಾನು ಮಾತ್ರ ಟವೆಲು ಹಿಡ್ಕೊಂಡು ಮಾತಾಡ್ತಾ ನಿಲ್ಲೋಳಲ್ಲ, ಇನ್ನು ಯಾವತ್ತೂ.

ಇನ್ನೊಂದು. ಹಡಗುಕಟ್ಟೆಗೆ ಯಾಕೆ ಬರಲಿಲ್ಲ ಅಂತ ಕೇಳ್ತಾ ಇಲ್ಲ ಅಂತ ಬರೆದಿದ್ದೀಯಲ್ಲ, ಹಾಗೆ ಬರೆದ್ರೆ ಕೇಳ್ದಂಗೇ. ಆ ವರ್ಷ ಎರಡನೇ ಕಿವೀನೂ ಹೋಗಿತ್ತು. ಅಂಗಿ ಇಸ್ತ್ರಿ ಮಾಡಿಸ್ಕೊಂಡ, ಗಡ್ಡ ಹೆರೆದ, ಬಾಗಿಲವರೆಗೆ ಬಂದ. “ಜನದ ಮಧ್ಯೆ ಮಗು ‘ಅಪ್ಪಾ’ ಅಂತ ಕೂಗ್ತಾಳೆ, ನಾನು ತಿರುಗಲ್ಲ. ಅವಳು ಅದನ್ನ ನೋಡಬಾರದು, ನೀನೇ ಹೋಗು ವಿಂಕಾ,” ಅಂದ. ನಾನು ಬೈದೆ. ಬೈದದ್ದು ಅವನಿಗೆ ಕೇಳಿಸಬೇಕಲ್ಲ!

ಜೂನಲ್ಲೂ ಅದೇ ಕತೆ. ಈಗ ನಿನ್ನ ಕಾಗದ ಬಂದಾಗಿಂದ ಬಣ್ಣ ಹಚ್ಚಿದ ದೋಣಿಗೇ ಮತ್ತೆ ಬಣ್ಣ ಹಚ್ತಾ ಇದಾನೆ. ಇಟಲಿಗೆ ಹೋಗೋದಾದ್ರೆ ಹೋಗು. ಅಲ್ಲೂ ಗಾಳಿ ಇರುತ್ತೆ, ಟೊಪ್ಪಿ ಕಳಿಸಿದೀನಿ.

ನಿನ್ನ ಅತ್ತೆ ವಿಂಕಾ

*

ದ್ವೀಪ, ಜುಲೈ 5

ಪೆರೀನಾ,

ವಿಂಕಾ ಏನೋ ಬರೆದು ಅಂಚೆಗೆ ಹಾಕಿದ್ದಾಳೆ, ನನಗೆ ತೋರಿಸಲಿಲ್ಲ. ಏನೇ ಇದ್ದರೂ ಅದರಲ್ಲಿ ಅರ್ಧ ನಿಜವಿರುತ್ತದೆ.

ನಿನ್ನೆ ನಾನು ಎದುರು ದಡಕ್ಕೆ ಹೋಗಿದ್ದೆ. ನನ್ನ ದೋಣಿಯಲ್ಲೇ. ನಿಮ್ಮ ಈಜಿನ ದಾರಿಯಲ್ಲಿ ಹೋಗಿ, ದೂರದ ತುದಿಯಲ್ಲಿ ನಿಲ್ಲಿಸಿ, ದಡದ ಕಡೆ ನೋಡಿದೆ. ಇಗರ್ಜಿಯ ಘಂಟೆಗೋಪುರ ಚೆನ್ನಾಗಿ ಕಾಣುತ್ತದೆ, ಅದು ದೂರದ ಗುರುತು. ಹತ್ತಿರದ್ದಕ್ಕೆ ಏನೂ ಇಲ್ಲ. ಬರಿಯ ಕಲ್ಲಿನ ಕಟ್ಟೆ, ನೀರಿನ ಮಟ್ಟದಿಂದ ನೋಡಿದರೆ ಎಲ್ಲ ಒಂದೇ ಬೂದಿ ಬಣ್ಣ. ಜೂನಿನಲ್ಲಿ ನೀನು ಬಲಕ್ಕೆ ಕೊಚ್ಚಿಕೊಂಡು ಹೋಗಿರಬೇಕು, ಅಲ್ಲವೇ? ಅಲ್ಲಿ ಹೊಳೆ ಬಂದು ಸೇರುತ್ತದೆ.

ಕಟ್ಟೆಯ ತುದಿಯಲ್ಲಿ ನಾನು ನಿಲ್ಲುತ್ತೇನೆ. ದೋಣಿಯ ಹುಟ್ಟಿಗೆ ವಿಂಕಾಳ ಆ ಕೆಂಪು ಟವೆಲನ್ನೇ ಕಟ್ಟಿ ಎತ್ತಿ ಹಿಡಿಯುತ್ತೇನೆ. ಗೋಪುರದ ಮುಂದೆ ಕೆಂಪು ಕಂಡರೆ ಸರಿಯಾಗಿ ಬರುತ್ತಿದ್ದೀಯ. ನಿಂತವನನ್ನು ನಿಯಮ ಏನೂ ಮಾಡಲಾರದು ಎಂದುಕೊಂಡಿದ್ದೇನೆ, ಕೇಳಿ ನೋಡು.

ಇಟಲಿಯ ನೀರು ನನಗೆ ಗೊತ್ತಿಲ್ಲ. ಅಲ್ಲಿ ಗುರುತು ಹೇಳಿಕೊಡಲು ನನ್ನಿಂದಾಗದು.

ಅಪ್ಪ

*

ಜಾಗ್ರೆಬ್, ಆಗಸ್ಟ್ 19

ಅಪ್ಪಾ,

ಎರಡು ಕಾಗದವೂ ಒಂದೇ ದಿನ ಬಂದವು. ಆರು ವಾರ ಉತ್ತರಿಸದೆ ಇದ್ದೆ. ಒಂದೆರಡು ಸಲ ಬರೆದು ಹರಿದೆ. ಅತ್ತೆಯ ಕಾಗದದ ಒಂದು ಪುಟವನ್ನು ಬ್ರಾಂಕಾಳಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಕಿಟಕಿ ಮುಚ್ಚಿದಳು. ಈ ಸಲ ನಾನು ತೆಗೆಯಲಿಲ್ಲ.

ಹೆಸರು ಬದಲಾಯಿಸಿಲ್ಲ. ಸ್ಪರ್ಧೆಯ ಕಚೇರಿಗೆ ಬರೆದು ಕೇಳಿದೆ: ಕಟ್ಟೆಯ ಮೇಲೆ ಒಬ್ಬರು ಹುಟ್ಟು ಎತ್ತಿ ನಿಂತರೆ ತಪ್ಪಾ? ಉತ್ತರ ಬಂತು: ‘ಕಟ್ಟೆ ಎಲ್ಲರಿಗೂ ಸೇರಿದ್ದು, ಯಾರು ಬೇಕಾದರೂ ಏನು ಬೇಕಾದರೂ ಎತ್ತಿ ನಿಲ್ಲಬಹುದು. ಸ್ಪರ್ಧಿಯನ್ನು ಮುಟ್ಟಬಾರದು. ಜೂನ್ ತಿಂಗಳ ಆ ಅಮ್ಮನವರಿಗೂ ದಯವಿಟ್ಟು ಇದನ್ನು ತಿಳಿಸಿ.’ ಅವಳು ಅಷ್ಟು ಪ್ರಸಿದ್ಧಳಾಗಿದ್ದಾಳೆ.

ಈಗ ತಯಾರಿಯ ಕಠಿಣ ವಾರಗಳು. ಹೋದ ಭಾನುವಾರ ಬೆಳಿಗ್ಗೆಯಿಂದ ಸೈಕಲ್ ಮೇಲೆ. ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಮಾತ್ರ ಊಟ, ಆ ಚಾಳಿ ಇನ್ನೂ ಹೋಗಿಲ್ಲ. ಯಾರೂ ಗಂಟೆ ಹೊಡೆಯದಿದ್ದರೆ ತಿನ್ನುವುದೇ ಮರೆಯುತ್ತೇನೆ. ಜೋಳದ ಹೊಲಗಳ ನಡುವೆ ಕಣ್ಣು ಕತ್ತಲೆಯಾಗಿ ರಸ್ತೆ ಬದಿ ಕೂತುಬಿಟ್ಟೆ. ಒಬ್ಬಾಕೆ ಮನೆಯಿಂದ ಹೊರಗೆ ಬಂದು, ಹೆಸರೂ ಕೇಳದೆ, ಪ್ಲಮ್ ಹಣ್ಣು ತುಂಬಿದ ಬಿಸಿ ಕಡುಬು ತಂದಿಟ್ಟಳು. “ಯಾರ ಮನೇದಮ್ಮ ನೀನು, ಇಷ್ಟು ಬಡಕಲು?” ಅಂದಳು. “ಸ್ಪಂಜಿನ ಯೆರೋಲಿಮ್ ಅವರ ಮಗಳು,” ಅಂದೆ. ಸಮುದ್ರ ಅಲ್ಲಿಂದ ಎಷ್ಟು ದೂರವೋ! ಅವಳಿಗೆ ನೀನು ಯಾರು ಎಂದು ಹೇಗೆ ತಿಳಿಯಬೇಕು? ಆದರೂ ತಲೆಯಾಡಿಸಿದಳು, ಗೊತ್ತಿದ್ದವರಂತೆ.

ತಿಂದು, ಎದ್ದು, ಉಳಿದ ದೂರವನ್ನೂ ಮುಗಿಸಿದೆ. ಈಗ ಪಾಕೆಟ್ಟಿನಲ್ಲಿ ಸದಾ ಒಣ ಅಂಜೂರ.

ಪುರಸ್ಕಾರ ಗಿರಸ್ಕಾರ ನನಗೆ ಬೇಡ. ನಿಗದಿ ಹೊತ್ತಿನೊಳಗೆ ಗೆರೆ ದಾಟಬೇಕು. ಅಷ್ಟು ಮಾಡಿದರೆ ಒಂದಾದರೂ ವಿಷಯದಲ್ಲಿ ನಾನು ಪೂರ್ತಿ.

ಕೆಂಪು ಟವೆಲೇ ಆಗಲಿ.

ಪೆರೀನಾ

*

ಜಾಗ್ರೆಬ್, ಸೆಪ್ಟೆಂಬರ್ 29

ಅಪ್ಪಾ,

ನಿಗದಿ ಹೊತ್ತಿನೊಳಗೆ ಗೆರೆ ದಾಟಿದ್ದನ್ನು ನೀನೇ ನೋಡಿದೆ, ಉಳಿದದ್ದನ್ನು ಅಲ್ಲಿ ಹೇಳಲು ಹೊತ್ತಿರಲಿಲ್ಲ. ಮರುದಿನವೇ ನನಗೆ ಬಸ್ಸು, ಪ್ರಯೋಗಾಲಯದ ಪರೀಕ್ಷೆ ಇತ್ತು. (ಪಾಸಾದೆ. ಪ್ರಾಧ್ಯಾಪಕರು ಕೇಳಿದಾಗ ಮೊದಲು ಉಸಿರು ಬಿಟ್ಟೆ, ಆಮೇಲೆ ಉತ್ತರ ಕೊಟ್ಟೆ.) ಆ ದಿನದಲ್ಲಿ ನೀನು ನೋಡದೇ ಹೋದದ್ದನ್ನು ಈಗ ಹೇಳುತ್ತೇನೆ.

ನೀರಿಗೆ ಇಳಿದ ಕೂಡಲೇ ಯಾರದ್ದೋ ಹಿಮ್ಮಡಿ ಮುಖಕ್ಕೆ ಬಡಿಯಿತು, ಈಜಿನ ಕನ್ನಡಕದೊಳಗೆ ಉಪ್ಪು ನೀರು. ಎದೆ ಕಟ್ಟಿತು, ಕೆರೆಯಲ್ಲಿ ಕಟ್ಟಿದ್ದಕ್ಕಿಂತ ಕೆಟ್ಟದಾಗಿ. ರಕ್ಷಣಾ ದೋಣಿ ಹತ್ತಿರವೇ ಇತ್ತು, ಕೈ ಎತ್ತಿದರೆ ಮುಗಿಯಿತು, ಎಲ್ಲವೂ ಅಲ್ಲಿಗೇ. ಕೈ ಎತ್ತಲಿಲ್ಲ. ಮುಖ ಇಳಿಸಿ ಗುನುಗಿದೆ. ನೂರಾರು ಜನ ನನ್ನನ್ನು ದಾಟಿ ಹೋದರು. ಹೋಗಲಿ ಎಂದು ಗುನುಗುತ್ತಲೇ ಇದ್ದೆ, ದವಡೆಯಲ್ಲಿ ಕೇಳಿಸುವವರೆಗೆ. ಆಮೇಲೆ ಹೊರಟೆ.

ದೂರದ ತುದಿ ಸುತ್ತಿ ತಿರುಗಿದಾಗ ಅಲೆ ಎದ್ದಿತ್ತು. ತೇಲುಗುರುತು ಒಂದೂ ಕಾಣಲಿಲ್ಲ. ತಲೆ ಎತ್ತಿದೆ. ಗೋಪುರ. ಅದರ ಮುಂದೆ, ಸಾಸಿವೆಯಷ್ಟು, ಕೆಂಪು. ಒಮ್ಮೆ ಎಡಕ್ಕೆ ಜಾರಿತು, ನಾನೂ ಎಡಕ್ಕೆ ಹೋದೆ. ಮತ್ತೆ ಜಾರಿತು, ಮತ್ತೆ ಹೋದೆ. ಅದು ಸಾಸಿವೆಯಿಂದ ಕಡಲೆಯಾಯಿತು, ಕಡಲೆಯಿಂದ ಚೆರ್ರಿ ಹಣ್ಣಾಯಿತು. ಕೊನೆಗೆ ಕೆಳಗೆ ನಿನ್ನ ಕಾಲೂ ಕಂಡವು. ನಿನ್ನಿಂದ ಹತ್ತು ಮಾರು ದೂರದಲ್ಲಿ ಹಾದುಹೋದೆ ಅಪ್ಪಾ. ನೀನು ನನ್ನ ತಲೆಯ ಮೇಲಿನಿಂದ ಆಚೆಗೆ ನೋಡುತ್ತಿದ್ದೆ. ಎಲ್ಲರಿಗೂ ಒಂದೇ ಬಣ್ಣದ ಟೊಪ್ಪಿ, ಒಂದೇ ಕಪ್ಪು ಉಡುಪು. ಕೂಗಬೇಕು ಎಂದು ಬಾಯಿ ತೆರೆದೆ, ಮುಚ್ಚಿದೆ.

ಸೈಕಲ್ ಇಟ್ಟ ಕಡೆ ಅತ್ತೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದಳು, ಬಿಟ್ಟರೆ ಕೈ ತಾನಾಗಿ ಮುಂದೆ ಬರುತ್ತದೆಯೋ ಎನ್ನುವ ಹಾಗೆ. ಅದೇ ಶಾಲಿನ ತೀರ್ಪುಗಾರ ಅವಳ ಪಕ್ಕದಲ್ಲೇ ಕಾವಲು. “ತಲೆ! ಪುಟ್ಟೀ, ತಲೆ!” ಎಂದು ಕೂಗಿದಳು. ನನ್ನ ಚೀಲದಲ್ಲಿ ನಾನೇ ಒಂದು ಟವೆಲು ಇಟ್ಟುಕೊಂಡಿದ್ದೆ. ನನ್ನ ತಲೆ ನಾನೇ ಒರೆಸಿಕೊಳ್ಳಲು ನಿಯಮದ ಅಡ್ಡಿಯಿಲ್ಲ. ಅವಳ ಎದುರಿಗೇ ನಿಂತು ಕಿವಿಯ ಹಿಂದೆಲ್ಲ ನಿಧಾನವಾಗಿ ಒರೆಸಿಕೊಂಡೆ. “ಕತ್ತಿನ ಹಿಂದೆ ಉಳೀತು,” ಅಂದ ತೀರ್ಪುಗಾರ. ಅತ್ತೆ ಅಳುತ್ತಿದ್ದಳೋ ನಗುತ್ತಿದ್ದಳೋ ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ.

ಸೈಕಲ್ ಮೇಲಿನ ಹೊತ್ತು ಗ್ಯಾರೇಜಿನ ಗೋಡೆಯ ಹಾಗೇ, ಗೋಡೆಗೆ ಸಮುದ್ರದ ಬಣ್ಣ ಹಚ್ಚಿದ್ದರು, ಅಷ್ಟೆ. ಅಂಜೂರ ಮುಗಿಯಿತು. ಓಟದಲ್ಲಿ ಹೊಟ್ಟೆ ಕೈಕೊಟ್ಟಿತು, ನಡೆದೆ, ಮತ್ತೆ ಓಡಿದೆ, ದೀಪದ ಕಂಬದಿಂದ ದೀಪದ ಕಂಬಕ್ಕೆ. ಎರಡು ಕಂಬ ಒಂದರ ಹಿಂದೊಂದು ಬರುವ ಹಾಗೆ ನೋಡಿಕೊಂಡು.

ಆಮೇಲಿನದು ಅತ್ತೆ ನನಗೆ ಹೇಳಿದ್ದು. ನಾನು ನೀರಿನಿಂದ ಎದ್ದಾಗ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗಿದರಂತೆ, ಊರಿನ ಹೆಸರು ಸಮೇತ. ಕಟ್ಟೆಯ ಮೇಲೆ ಅದು ಕೇಳಿಸದವನು ನೀನೊಬ್ಬನೇ. ಅತ್ತೆಗೆ ನನ್ನ ತಲೆಯ ಚಿಂತೆಯಲ್ಲಿ ನಿನಗೆ ಹೇಳಬೇಕೆಂದೇ ಹೊಳೆಯಲಿಲ್ಲ. ನಾನು ಸೈಕಲ್ ಹತ್ತಿ ಬೆಟ್ಟ ದಾಟಿದ ಮೇಲೂ ನೀನು ಹುಟ್ಟು ಎತ್ತಿಕೊಂಡು ನಿಂತೇ ಇದ್ದೆಯಂತೆ. ಕೊನೆಯವನೂ ಎದ್ದು ಹೋದ, ದೋಣಿಯವರು ತೇಲುಗುರುತುಗಳನ್ನು ಎಳೆದುಕೊಂಡು ಬಂದರು, ನೀನು ಕೈ ಇಳಿಸಲಿಲ್ಲ. ಅವರಲ್ಲೊಬ್ಬ ಬಂದು ಭುಜ ತಟ್ಟಿ ಸನ್ನೆ ಮಾಡಿದಾಗ, “ನನ್ನ ಮಗಳು ಇನ್ನೂ ಒಳಗಿದ್ದಾಳೆ, ಇಳಿಸಲ್ಲ,” ಅಂದೆಯಂತೆ.

ಇದೊಂದೂ ಗೊತ್ತಿಲ್ಲದೆ ನಾನು ಗೆರೆ ದಾಟಿ ನಿನ್ನ ಹತ್ತಿರ ಬಂದೆ. ಬೆವರಿ ಉಪ್ಪುಗಟ್ಟಿದ ನನ್ನ ತಲೆಯ ಮೇಲೆ ಆ ಟವೆಲು ಹಾಕಿ ನೀನು ಹೇಳಿದ್ದು ಒಂದೇ ಮಾತು: “ಗಾಳಿ ಇದೆ.” ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ ಅಪ್ಪಾ.

ಟವೆಲು ನನ್ನ ಹತ್ತಿರವೇ ಉಳಿದಿದೆ. ಒಗೆದಿಲ್ಲ.

ನವೆಂಬರ್ ಒಂದಕ್ಕೆ ಸತ್ತವರ ಹಬ್ಬದ ರಜೆ. ಅಜ್ಜಿಯ ಸಮಾಧಿಗೆ ಸೇವಂತಿಗೆ ತರುತ್ತೇನೆ, ಹಿಂದಿನ ದಿನ ಮಧ್ಯಾಹ್ನದ ಹಡಗಿಗೆ ಬರುತ್ತೇನೆ. ಅತ್ತೆ ಮನೆಯಲ್ಲೇ ಸೊಪ್ಪು ಬೇಯಿಸುತ್ತಿರಲಿ, ಹಡಗುಕಟ್ಟೆಗೆ ನೀನೇ ಬಾ. ನಾನು ಕೂಗುವುದಿಲ್ಲ. ಹಡಗು ನಮ್ಮ ಕೊಲ್ಲಿಗೆ ತಿರುಗಿದ ಕೂಡಲೇ ಮೇಲಿನ ಅಟ್ಟದಲ್ಲಿ ನಿಂತು ಟವೆಲು ಬೀಸುತ್ತೇನೆ. ಹಡಗಿನ ಕಂಬದ ಮುಂದೆ ಕೆಂಪು ಕಂಡರೆ ಅದು ನಾನು.

ಬರುತ್ತೀಯೋ ಇಲ್ಲವೋ, ಬೇಗ ಕಾಗದ ಬರೆ.

ಪೆರೀನಾ